ಗಂಡಸರು, ವಲಸೆ, ಹಾರ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನ ಬರೀತಿರೋದು ಡಾಕ್ಟರಾ?

ಅಲ್ಲ. ಹೊಟ್ಟೆಪಾಡಿಗೆ ದೇಶ ಬಿಟ್ಟು ಬಂದ ಒಬ್ಬ ಮಾಮೂಲಿ ಮನುಷ್ಯ. 48ಕ್ಕೆ ಹಾರ್ಟ್ ಅಟ್ಯಾಕ್ ಆಯ್ತು, ಮುಚ್ಚಿದ ರಕ್ತನಾಳ ತೆರೆದಿಡೋಕೆ ಒಂದು ಸ್ಟೆಂಟ್ ಹಾಕಿದ್ರು, ಆಮೇಲೆ ರೀಹ್ಯಾಬ್‌ಗೆ, ಅಂದ್ರೆ ಅಟ್ಯಾಕ್ ಆದೋರಿಗೆ ಕೊಡೋ ವ್ಯಾಯಾಮ ತರಬೇತಿಗೆ ಹೋದೆ. ಅಲ್ಲಿ ನನ್ನ ಥರಾನೇ ಬೇರೆ ಬೇರೆ ದೇಶದಿಂದ ಬಂದ ಗಂಡಸರು ಬಾಯಿಗೆ ಬೀಗ ಹಾಕ್ಕೊಂಡು ಕೂತಿರೋದು ನೋಡಿ, ನನಗೆ ಬರೋ ಮೂರು ಭಾಷೆಲಿ ಅವರ ಮಾತು ನರ್ಸ್‌ಗೆ, ನರ್ಸ್ ಮಾತು ಅವರಿಗೆ ದಾಟಿಸೋಕೆ ಶುರು ಮಾಡ್ದೆ. ಎಂಟು ವರ್ಷ ಆಯ್ತು, ಸಂಬಳ ಇಲ್ಲ, ಟೀ ಸಿಗುತ್ತೆ. ಡಾಕ್ಟರ್ ಎದುರಿಗೆ ಕೇಳದೆ, ಹೊರಗೆ ಕಾರಿಡಾರ್‌ನಲ್ಲಿ ನನ್ನ ತೋಳು ಹಿಡ್ಕೊಂಡು ಕೇಳಿದ ಪ್ರಶ್ನೆಗಳೇ ಇವೆಲ್ಲ. ಮಾತ್ರೆ ಶುರು ಮಾಡೋದು, ನಿಲ್ಲಿಸೋದು ಮಾತ್ರ ನಿಮ್ಮ ಡಾಕ್ಟರ್ ಹತ್ರ, ನನ್ನ ಮಾತು ಕೇಳ್ಕೊಂಡಲ್ಲ.

ಹಾರ್ಟು ಎಲ್ಲರದೂ ಒಂದೇ ಅಲ್ವಾ, ವಲಸೆ ಬಂದೋರಿಗೆ ಅಂತ ಬೇರೆ ಮಾತು ಯಾಕೆ?

ಹಾರ್ಟು ಒಂದೇ, ಅದರ ಮೇಲೆ ಬೀಳೋ ಹೊರೆ ಬೇರೆ. ಈ ವಿಷಯ ಗೊತ್ತಾಗಿದ್ದು ಜಪಾನಿ ಗಂಡಸರಿಂದ. ಜಪಾನ್‌ನಲ್ಲೇ ಉಳಿದೋರು, ಹವಾಯಿಗೆ ಹೋದೋರು, ಕ್ಯಾಲಿಫೋರ್ನಿಯಾಕ್ಕೆ ಹೋದೋರು ಅಂತ ಮೂರು ಗುಂಪು ಮಾಡಿ ಹೋಲಿಸಿ ನೋಡಿದ್ರು. ವಂಶ ಒಂದೇ ಆದ್ರೂ ಹೃದ್ರೋಗ ಜಪಾನ್‌ನಲ್ಲಿ ತೀರಾ ಕಡಿಮೆ, ಹವಾಯಿಲಿ ಸ್ವಲ್ಪ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹೆಚ್ಚು. ಅಂದ್ರೆ ಬರೀ ರಕ್ತದಲ್ಲಿ ಬಂದದ್ದಲ್ಲ ಅಂತಾಯ್ತು. ಆಮೇಲೆ 1976ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ ಅನ್ನೋ ಸಂಶೋಧಕರು ಕ್ಯಾಲಿಫೋರ್ನಿಯಾದ ಸುಮಾರು 3,800 ಜಪಾನಿ ಮೂಲದ ಗಂಡಸರನ್ನೇ ಇನ್ನೂ ಹತ್ತಿರದಿಂದ ನೋಡಿದ್ರು. ತಮ್ಮ ಜನ, ತಮ್ಮ ಭಾಷೆ, ತಮ್ಮ ನಂಟು ಉಳಿಸ್ಕೊಂಡಿದ್ದೋರಲ್ಲಿ ಹೃದ್ರೋಗ ಜಪಾನ್‌ನಲ್ಲಿ ಇದ್ದಷ್ಟೇ ಕಡಿಮೆ, ಪೂರ್ತಿ ಹೊಸ ದೇಶದ ದಾರಿಗೆ ಬಿದ್ದೋರಲ್ಲಿ ಅದರ ಮೂರರಿಂದ ಐದು ಪಟ್ಟು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಈ ಅಂತರ ಪೂರ್ತಿ ಕರಗಲಿಲ್ಲ.

ಇನ್ನೊಂದು ವಿಚಿತ್ರ ಏನಂದ್ರೆ, ವಲಸೆ ಬರೋ ಹೊತ್ತಿಗೆ ನಾವು ಸಾಮಾನ್ಯವಾಗಿ ಅಲ್ಲಿ ಹುಟ್ಟಿದೋರಿಗಿಂತ ಗಟ್ಟಿಮುಟ್ಟಾಗೇ ಇರ್ತೀವಿ, ಯಾಕಂದ್ರೆ ಕಾಯಿಲೆ ಇರೋನು ಅಷ್ಟು ದೂರ ಹೊರಡೋದೇ ಇಲ್ಲ. ಆ ಬಂಡವಾಳ ವರ್ಷ ಕಳೆದ ಹಾಗೆ ಕರಗುತ್ತೆ.

ಹಾಗಾದ್ರೆ ನಮ್ಮ ಸಂಸ್ಕೃತಿದೇ ತಪ್ಪಾ?

ಮೇಲಿನ ಜಪಾನಿ ಕಥೆ ಓದಿದ ಮೇಲೂ ಈ ಪ್ರಶ್ನೆ ಬರುತ್ತೆ ನೋಡಿ, ಯಾಕಂದ್ರೆ ಆಸ್ಪತ್ರೆಲಿ ನಮಗೆ ಅದೇ ಥರ ಕೇಳ್ಸಿರುತ್ತೆ. "ಇವರ ಕಲ್ಚರ್ ಹಾಗೆ" ಅಂತ ಒಂದು ಮಾತು ಹೇಳ್ಬಿಟ್ರೆ ಎಲ್ಲರ ಕೆಲಸ ಹಗುರ. ನಾನು ಅನುವಾದ ಮಾಡಿದ ಒಬ್ಬರು ನಾಲ್ಕು ವಾರ ರೀಹ್ಯಾಬ್‌ಗೆ ಬರಲಿಲ್ಲ, ಫೈಲ್‌ನಲ್ಲಿ ಆಸಕ್ತಿ ಇಲ್ಲ ಅಂತ ಬರೆದಿದ್ರು, ಕೇಳಿದ್ರೆ ಅವರು ಎರಡು ಬಸ್ ಬದಲಾಯಿಸಿ ಬರ್ಬೇಕಿತ್ತು, ಕ್ಲಾಸ್ ಇರೋ ಮಧ್ಯಾಹ್ನ ಅವರ ಶಿಫ್ಟ್, ರಜ ಹಾಕಿದ್ರೆ ಆ ದಿನದ ಕೂಲಿ ಹೋಯ್ತು. ಇದರಲ್ಲಿ ಸಂಸ್ಕೃತಿ ಎಲ್ಲಿ ಬಂತು? ಹಾಗಂತ ನಮ್ಮ ಕಡೆ ಏನೂ ಇಲ್ಲ ಅಂತಲ್ಲ, ಇದೆ, ಮುಂದೆ ಹೇಳ್ತೀನಿ, ಆದ್ರೆ ಹತ್ತರಲ್ಲಿ ಆರು ಸಲ ನಾನು ನೋಡಿದ್ದು ಗಡಿಯಾರ ಮತ್ತು ಜೇಬಿನ ಸಮಸ್ಯೆ. ಇದು ನನ್ನ ಕಣ್ಣಂದಾಜು, ಸರ್ವೆ ಅಲ್ಲ.

ಗಂಡಸ್ತನಕ್ಕೂ ಹಾರ್ಟ್‌ಗೂ ಏನಪ್ಪಾ ಸಂಬಂಧ?

ನನ್ನದೇ ಹೇಳ್ತೀನಿ. ರಾತ್ರಿ ಎರಡೂವರೆ, ಗೋಡೌನ್ ಕೆಲಸ, ಎದೆ ಮಧ್ಯ ಯಾರೋ ಮಂಡಿ ಊರಿ ಕೂತಂಗೆ ಆಯ್ತು, ಎಡ ದವಡೆ ಜೋಮು ಹಿಡೀತು, ಮೈಯೆಲ್ಲ ತಣ್ಣಗೆ ಬೆವರು. ಪಕ್ಕದೋನು ಏನಾಯ್ತು ಅಂದ. ಏನಿಲ್ಲ ಅಂದೆ. ಶಿಫ್ಟ್ ಮುಗಿಯೋಕೆ ಇನ್ನೂ ಎರಡೂವರೆ ಗಂಟೆ ಇತ್ತು, ಮುಗಿಸಿದೆ. ಆಮೇಲೆ ನಾನೇ ಕಾರು ಓಡಿಸ್ಕೊಂಡು ಮನೆಗೆ ಬಂದೆ, ಹೆಂಡತಿ ನಿದ್ದೆ ಕೆಡುತ್ತೆ ಅಂತ ಮನೆ ಮುಂದೆ ಕಾರಲ್ಲೇ ಇಪ್ಪತ್ತು ನಿಮಿಷ ಕೂತಿದ್ದೆ, ಸ್ಟೀರಿಂಗ್ ಮೇಲೆ ಹಣೆ ಇಟ್ಕೊಂಡು. ಅಷ್ಟು ಹೊತ್ತಿಗೆ ಹಾರ್ಟಿನ ಒಂದು ಭಾಗದ ಮಾಂಸಖಂಡ ಸತ್ತೇ ಹೋಗಿತ್ತು, ಅದು ತಿರುಗಿ ಬೆಳೆಯಲ್ಲ. ಡಾಕ್ಟರ್ ಕೇಳಿದ್ರು, ಯಾಕೆ ಆಗಲೇ ಫೋನ್ ಮಾಡ್ಲಿಲ್ಲ ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಸರಿಯಾದ್ದು ಇಲ್ಲ.

ಇದನ್ನ ಬರೀ ಹುಂಬತನ ಅಂದ್ರೆ ಅರ್ಧ ಮಾತ್ರ ನಿಜ. ವಲಸೆ ಬಂದ ಗಂಡಸಿನ ಹತ್ರ ಹೊಸ ದೇಶದಲ್ಲಿ ಹೆಸರಿಲ್ಲ, ಓದಿದ ಡಿಗ್ರಿಗೆ ಬೆಲೆ ಇಲ್ಲ, ಭಾಷೆಲಿ ಮಗಳೇ ಅವನಿಗಿಂತ ಮುಂದು, ಉಳಿದಿರೋದು ಒಂದೇ, ದುಡೀತೀನಿ, ಯಾರ ಮುಂದೆಯೂ ಕೈಚಾಚಲ್ಲ ಅನ್ನೋದು. ಅದನ್ನೂ ಬಿಡು ಅಂತ ಹೇಳಿದ್ರೆ ಯಾವನು ಕೇಳ್ತಾನೆ? ಅದಕ್ಕೇ ನಾನು ಯಾರಿಗೂ "ಗಂಡಸ್ತನ ಬಿಡಿ" ಅಂತ ಹೇಳಲ್ಲ. ದುಡಿಯೋ ಕೈ ಇನ್ನೂ ಇಪ್ಪತ್ತು ವರ್ಷ ನಡೀಬೇಕು ಅಂದ್ರೆ ಲಾರಿಗೆ ಮಾಡಿಸೋ ಹಾಗೆ ಇದಕ್ಕೂ ಸರ್ವಿಸ್ ಮಾಡಿಸ್ಬೇಕು ಅಂತೀನಿ, ಆಗ ಕಿವಿ ಕೊಡ್ತಾರೆ. ಮನೆ ಸಾಕೋ ಜವಾಬ್ದಾರಿ ಅನ್ನೋ ಅದೇ ಮಾತು ಒಬ್ಬನನ್ನ ಶಿಫ್ಟ್ ಮುಗಿಸೋ ಹಾಗೂ ಮಾಡುತ್ತೆ, ಅದೇ ಮಾತು ಅವನನ್ನ ಮಾತ್ರೆ ನುಂಗೋ ಹಾಗೂ ಮಾಡುತ್ತೆ.

ಇದು ಗ್ಯಾಸ್ಟ್ರಿಕ್ಕೋ ಹಾರ್ಟೋ ಅಂತ ಮನೇಲೇ ಗೊತ್ತು ಮಾಡ್ಕೊಳ್ಳೋದು ಹೇಗೆ?

ಆಗಲ್ಲ. ಡಾಕ್ಟರಿಗೂ ಇಸಿಜಿ, ರಕ್ತ ಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳೋಕೆ ಬರಲ್ಲ, ನೀವು ಸೋಡಾ ಕುಡಿದು ತೇಗು ಬಂತಾ ಅಂತ ನೋಡಿ ತೀರ್ಮಾನ ಮಾಡ್ತೀರಾ? ಸಿನಿಮಾದಲ್ಲಿ ಎದೆ ಹಿಡ್ಕೊಂಡು ದೊಪ್ಪಂತ ಬೀಳ್ತಾರೆ, ನಿಜಕ್ಕೂ ಎಷ್ಟೋ ಜನಕ್ಕೆ ಅದು ನೋವು ಅಂತಾನೇ ಅನ್ಸಲ್ಲ. ಭಾರ, ಹಿಂಡಿದ ಹಾಗೆ, ಬಿಗಿದ ಹಾಗೆ, ತೋಳಿಗೆ, ದವಡೆಗೆ, ಬೆನ್ನಿಗೆ ಹರಡೋದು, ಉಸಿರು ಸಾಲದೇ ಇರೋದು, ವಾಕರಿಕೆ, ಕಾರಣವಿಲ್ಲದ ತಣ್ಣನೆ ಬೆವರು. ಶುಗರ್ ಇರೋರಿಗೆ ನರ ಮಂಕಾಗಿ ಎದೆನೋವೇ ಇಲ್ಲದೆ ಅಟ್ಯಾಕ್ ಆಗಬಹುದು, ಬರೀ ಸುಸ್ತು, ಬರೀ ಉಬ್ಬಸ.

ಇಂಥದ್ದು ಕೆಲವು ನಿಮಿಷ ಆದ್ರೂ ಹೋಗ್ಲಿಲ್ಲ, ಅಥವಾ ಹೋಗಿ ಮತ್ತೆ ಬಂತು ಅಂದ್ರೆ ಆಂಬುಲೆನ್ಸ್. ಅಮೆರಿಕ ಕೆನಡಾದಲ್ಲಿ 911, ಬ್ರಿಟನ್‌ನಲ್ಲಿ 999, ಯುರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡ್‌ನಲ್ಲಿ 111, ಯುಎಇಲಿ 998, ಸೌದಿಲಿ 997. ಸ್ವಂತ ಕಾರಲ್ಲಿ ಹೋಗ್ಬೇಡಿ, ನಾನು ಹೋದೆ, ದಾರಿಲಿ ಎಚ್ಚರ ತಪ್ಪಿದ್ರೆ ಇನ್ನೊಬ್ಬರ ಪ್ರಾಣಾನೂ ತೆಗೀತಿದ್ದೆ. ಆಂಬುಲೆನ್ಸ್ ಅಂದ್ರೆ ಬರೀ ಗಾಡಿ ಅಲ್ಲ, ಅದರಲ್ಲಿ ಇಸಿಜಿ ಇರುತ್ತೆ, ನಿಂತ ಹಾರ್ಟ್‌ಗೆ ಶಾಕ್ ಕೊಡೋ ಮಷಿನ್ ಇರುತ್ತೆ. ಆಸ್ಪಿರಿನ್ ಅಗಿದು ನುಂಗಿ ಅಂತ ಫೋನ್‌ನಲ್ಲಿ ಅವರೇ ಹೇಳಬಹುದು, ಅದಕ್ಕೆ ಅಲರ್ಜಿ ಇದ್ರೆ ಆಗಲೇ ಹೇಳಿ.

ಸುಳ್ಳು ಎಚ್ಚರಿಕೆ ಆದ್ರೆ ಮರ್ಯಾದೆ ಹೋಗಲ್ವಾ?

ಗ್ಯಾಸ್ ಅಂತ ಮನೆಗೆ ಕಳಿಸಿದ ಗಂಡಸರನ್ನ ನಾನು ಬೇಕಾದಷ್ಟು ನೋಡಿದೀನಿ. ಒಬ್ಬರ ಮರ್ಯಾದೆಯೂ ಹೋಗ್ಲಿಲ್ಲ.

ಭಾಷೆ ಬರಲ್ಲ, ಪೇಪರ್ಸ್ ಸರಿ ಇಲ್ಲ, ಆಗ?

ಭಾಷೆ ವಿಷಯ ಮೊದಲು. ಎಷ್ಟೋ ದೇಶಗಳಲ್ಲಿ ತುರ್ತು ನಂಬರಿಗೆ ಫೋನ್ ಮಾಡಿ ನಿಮ್ಮ ಭಾಷೆ ಹೆಸರೊಂದು ಹೇಳಿದ್ರೆ ಲೈನಿಗೆ ಅನುವಾದಕರನ್ನ ತರ್ತಾರೆ. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯೋ ಆಸ್ಪತ್ರೆಗಳು ಅನುವಾದಕರನ್ನ ಪುಕ್ಕಟೆ ಕೊಡ್ಬೇಕು ಅಂತ ಕಾನೂನೇ ಇದೆ. ಆಸ್ಟ್ರೇಲಿಯಾದಲ್ಲಿ 131 450 ಅಂತ ಅನುವಾದ ಸೇವೆಯ ನಂಬರ್ ಇದೆ. ದಯವಿಟ್ಟು ಮಕ್ಕಳನ್ನ ಅನುವಾದಕ್ಕೆ ಕೂರಿಸ್ಬೇಡಿ. ಅಪ್ಪನ ಎದೆ ವಿಷಯ ಹನ್ನೆರಡು ವರ್ಷದ ಮಗು ಬಾಯಲ್ಲಿ ಡಾಕ್ಟರಿಗೆ ಹೇಳ್ಸೋದು ಮಗುಗೂ ಭಾರ, ಅದಕ್ಕಿಂತ ಹೆಚ್ಚಾಗಿ ಮಗು ಎದುರು ನೀವು ನಿಜಾನೇ ಹೇಳಲ್ಲ.

ಅನುವಾದಕನಾಗಿ ನನ್ನದೊಂದು ಗೋಳಿದೆ. "ಒಂಥರಾ ಆಗುತ್ತೆ" ಅಂತಾರೆ. ಈ ಒಂಥರಾನ ಯಾವ ಭಾಷೆಗೆ ಹಾಕ್ಲಿ? ಒಮ್ಮೆ ಒಬ್ಬರು ಮೂರು ಸಲ ಒಂಥರಾ ಅಂದ್ರು, ನಾನು ಬಿಡದೆ ಕೆದಕಿದ ಮೇಲೆ, ಮೆಟ್ಟಿಲು ಹತ್ತುವಾಗ ಬರುತ್ತೆ, ನಿಂತ್ರೆ ಹೋಗುತ್ತೆ, ಎದೆಗೆ ಹಗ್ಗ ಬಿಗಿದಂಗೆ ಅಂದ್ರು. ಡಾಕ್ಟರ್ ಕೈಲಿದ್ದ ಪೆನ್ ಅಲ್ಲೇ ನಿಂತಿತು, ಯಾಕಂದ್ರೆ ಅದು ಆಂಜೈನಾ (ಹಾರ್ಟ್‌ಗೆ ರಕ್ತ ಸಾಲದೆ ಬರೋ ಎದೆನೋವು) ಅಂತ ಪುಸ್ತಕದಲ್ಲಿ ಹೇಳೋ ಥರಾನೇ ಇತ್ತು. ಅದಕ್ಕೆ ಹೋಗೋ ಮುಂಚೆ ನಾಲ್ಕು ವಿಷಯ ಯೋಚಿಸ್ಕೊಳ್ಳಿ: ಎಲ್ಲಿ, ಏನು ಮಾಡುವಾಗ, ಎಷ್ಟು ಹೊತ್ತು, ಏನು ಮಾಡಿದ್ರೆ ಹೋಗುತ್ತೆ.

ಪೇಪರ್ಸ್ ವಿಷಯ ದೇಶಕ್ಕೊಂದು ಥರ. ಅಮೆರಿಕದಲ್ಲಿ 1986ರ ಕಾನೂನೊಂದಿದೆ, ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಹಣ ಪಡೆಯೋ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ ಬಂದೋರನ್ನ ಇನ್ಶೂರೆನ್ಸ್ ಇದೆಯಾ, ವೀಸಾ ಇದೆಯಾ ಅಂತ ನೋಡದೆ ಪರೀಕ್ಷೆ ಮಾಡಿ, ಪ್ರಾಣಾಪಾಯ ಇದ್ರೆ ಸ್ಥಿರ ಮಾಡ್ಲೇಬೇಕು. ಆದ್ರೆ ಬಿಲ್ ಆಮೇಲೆ ಬರುತ್ತೆ, ಪುಕ್ಕಟೆ ಅಂತ ಅದರ ಅರ್ಥ ಅಲ್ಲ. ಇಂಗ್ಲೆಂಡ್‌ನಲ್ಲಿ ಎಮರ್ಜೆನ್ಸಿ ವಿಭಾಗದ ಚಿಕಿತ್ಸೆಗೆ ದುಡ್ಡಿಲ್ಲ (ಅಡ್ಮಿಟ್ ಮಾಡಿದ ಮೇಲೆ ಬೇರೆ ನಿಯಮ), ಜಿಪಿ (ಮೊದಲು ನೋಡೋ ಏರಿಯಾ ಡಾಕ್ಟರ್) ಹತ್ರ ಹೆಸರು ಬರೆಸೋಕೆ ಇಮಿಗ್ರೇಷನ್ ಕಾಗದ ತೋರಿಸ್ಲೇಬೇಕು ಅಂತಿಲ್ಲ.

ದಕ್ಷಿಣ ಏಷ್ಯಾದೋರಿಗೆ ಹಾರ್ಟ್ ತೊಂದರೆ ಬೇಗ ಬರುತ್ತೆ ಅಂತಾರೆ, ನಿಜಾನಾ?

ನಿಜ. 2007ರಲ್ಲಿ ಬಂದ ಲೆಕ್ಕದ ಪ್ರಕಾರ ದಕ್ಷಿಣ ಏಷ್ಯಾದ ದೇಶಗಳಲ್ಲಿ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ, ಬೇರೆ ದೇಶಗಳಲ್ಲಿ ಸುಮಾರು 59ಕ್ಕೆ. ಈ ಲೆಕ್ಕ ಬಂದಿದ್ದು ಇಂಟರ್‌ಹಾರ್ಟ್ ಅನ್ನೋ ದೊಡ್ಡ ಅಧ್ಯಯನದಿಂದ. 52 ದೇಶಗಳ ಆ ಅಧ್ಯಯನ 2004ರಲ್ಲಿ ಇನ್ನೊಂದು ಮಾತನ್ನೂ ಹೇಳಿತ್ತು: ಗಂಡಸರ ಹಾರ್ಟ್ ಅಟ್ಯಾಕ್ ಅಪಾಯದ ನೂರಕ್ಕೆ ಸುಮಾರು 90 ಭಾಗ ಒಂಬತ್ತೇ ಒಂಬತ್ತು ವಿಷಯದಲ್ಲಿ ಅಡಗಿದೆ. ಸಿಗರೇಟು, ಕೆಟ್ಟ ಕೊಬ್ಬು, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಕಮ್ಮಿ ತಿನ್ನೋದು, ವ್ಯಾಯಾಮ ಇಲ್ಲದಿರೋದು, ಕುಡಿತದ ರೀತಿ. ಹಣೆಬರಹ ಅನ್ನೋರಿಗೆ ನಾನು ಈ 90 ತೋರಿಸ್ತೀನಿ.

ಅಮೆರಿಕದ 2018ರ ಕೊಲೆಸ್ಟ್ರಾಲ್ ಗೈಡ್‌ಲೈನ್ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸೋ ಅಂಶ ಅಂತ ಹೆಸರಿಸಿದೆ. ಸೊಂಟದ ಅಳತೆಲೂ ವ್ಯತ್ಯಾಸ ಇದೆ, ಯುರೋಪಿನ ಗಂಡಸಿಗೆ 94 ಸೆಂಟಿಮೀಟರ್ ದಾಟಿದ್ರೆ ಎಚ್ಚರಿಕೆ, ದಕ್ಷಿಣ ಏಷ್ಯಾದೋನಿಗೆ 90ಕ್ಕೇ. ಟೇಪ್ ಹಿಡಿಯೋದು ಪ್ಯಾಂಟ್ ನಿಲ್ಲೋ ಜಾಗಕ್ಕಲ್ಲ, ಕೊನೆ ಪಕ್ಕೆಲುಬು ಮತ್ತು ಸೊಂಟದ ಮೂಳೆ ಇವೆರಡರ ನಡುವೆ, ಉಸಿರು ಬಿಟ್ಟು. ಹೊಟ್ಟೆ ಒಳಗೆ ಎಳ್ಕೊಂಡು ಅಳೆದು 89 ಅಂತ ಖುಷಿ ಪಟ್ಟವರಲ್ಲಿ ನಾನೂ ಒಬ್ಬ.

ದಿನಾ ಮೈ ಮುರಿದು ದುಡೀತೀನಿ, ಬೇರೆ ವ್ಯಾಯಾಮ ಬೇಕಾ?

ಗಂಡಸರು ಒಪ್ಪದೇ ಇರೋ ಉತ್ತರ ಇದು. ಬೇಕು. ಎಂಟು ಗಂಟೆ ಮೂಟೆ ಹೊರೋದು, ನಿಂತೇ ಇರೋದು, ಬಾಗಿ ಏಳೋದು, ಇದು ಹಾರ್ಟ್‌ಗೆ ವ್ಯಾಯಾಮದ ಥರ ಕೆಲಸ ಮಾಡಲ್ಲ. ಬಿಪಿ ಗಂಟೆಗಟ್ಟಲೆ ಏರೇ ಇರುತ್ತೆ, ಮಧ್ಯೆ ವಿಶ್ರಾಂತಿ ಇಲ್ಲ, ಹಾರ್ಟ್‌ಗೆ ಚುರುಕಾಗಿ ಬಡಿದು ಆಮೇಲೆ ಆರಾಮಾಗೋ ಅವಕಾಶ ಸಿಗಲ್ಲ. 2018ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ತುಂಬ ಮೈದುಡಿಮೆ ಇರೋ ಕೆಲಸದ ಗಂಡಸರಲ್ಲಿ ಬೇಗ ಸಾಯೋ ಅಪಾಯ ಕಡಿಮೆ ದುಡಿಮೆಯೋರಿಗಿಂತ ನೂರಕ್ಕೆ 18 ಭಾಗ ಹೆಚ್ಚೇ ಕಾಣಿಸ್ತು. ಬಡತನ, ಸಿಗರೇಟು ಇವೂ ಅದರಲ್ಲಿ ಸೇರ್ಕೊಂಡಿರಬಹುದು ಅಂತ ವಾದ ಇದೆ, ಇರ್ಲಿ, ಆದ್ರೆ ಕೆಲಸಾನೇ ಕಾಪಾಡುತ್ತೆ ಅನ್ನೋ ಧೈರ್ಯ ಮಾತ್ರ ಬೇಡ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಚುರುಕಾದ ಚಟುವಟಿಕೆ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಆ ವೇಗ. ಜಿಮ್ ಬೇಡ. ಒಂದು ಸ್ಟಾಪ್ ಮುಂಚೆ ಇಳಿದು ಬಿರಬಿರನೆ ನಡೀರಿ. ಅಟ್ಯಾಕ್ ಆದೋರು ಮಾತ್ರ ಎಷ್ಟು ಅಂತ ಕೇಳಿಯೇ ಶುರು ಮಾಡ್ಬೇಕು.

ನೈಟ್ ಶಿಫ್ಟ್ ಬಿಡೋಕಾಗಲ್ಲ, ಏನ್ಮಾಡ್ಲಿ?

ಬಿಡಿ ಅಂತ ಹೇಳೋ ಡಾಕ್ಟರಿಗೆ ನಿಮ್ಮ ಬಾಡಿಗೆ ಎಷ್ಟು ಅಂತ ಗೊತ್ತಿಲ್ಲ. ಅಪಾಯ ಇರೋದು ನಿಜ, 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದ್ದ 2012ರ ವಿಶ್ಲೇಷಣೆಲಿ ಶಿಫ್ಟ್ ಕೆಲಸದೋರಿಗೆ ಹಾರ್ಟ್ ಅಟ್ಯಾಕ್ ನೂರಕ್ಕೆ 23 ಭಾಗ ಹೆಚ್ಚು ಅಂತ ಬಂತು. ಬಿಡೋಕಾಗದಿದ್ರೆ ಮೇಲೆ ಹೇಳಿದ ಒಂಬತ್ತು ವಿಷಯನಾದ್ರೂ ಗಟ್ಟಿ ಹಿಡೀರಿ. ಕೋಣೆ ಕತ್ತಲೆ ಮಾಡಿ ಮಲಗೋದು, ಮಧ್ಯರಾತ್ರಿ ಹೊಟ್ಟೆ ಬಿರಿಯ ತಿನ್ನದೆ ಶಿಫ್ಟಿಗೆ ಮುಂಚೆ ಊಟ ಮುಗಿಸೋದು. ಮಾತ್ರೆ ಬೆಳಿಗ್ಗೆ ಅಂತ ಬರೆದಿದ್ರೆ ನಿಮ್ಮ ಬೆಳಿಗ್ಗೆ ಯಾವುದು ಅಂತ ಫಾರ್ಮಸಿಸ್ಟ್ ಹತ್ರ ಕೇಳಿ ಗಂಟೆ ಬರೆಸ್ಕೊಳ್ಳಿ. ಮಲಗಿದಾಗ ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುತ್ತೆ ಅಂತ ರೂಮ್‌ಮೇಟ್ ಹೇಳಿದ್ರೆ ನಗಬೇಡಿ, ಅದು ಸ್ಲೀಪ್ ಆಪ್ನಿಯಾ ಇರಬಹುದು, ಬಿಪಿ ಏರಿಸುತ್ತೆ.

ಬಿಪಿ ಮನೇಲಿ ನೋಡಿದ್ರೆ ಒಂದೊಂದು ಸಲ ಒಂದೊಂದು ಬರುತ್ತೆ, ಮಷಿನ್ ಕೆಟ್ಟಿದೆಯಾ?

ಹೆಚ್ಚಿನ ಸಲ ಮಷಿನ್ ಅಲ್ಲ, ಕೂತ ಭಂಗಿ. ನಾನು ನೋಡಿದ ಮಟ್ಟಿಗೆ ಎಲ್ಲರೂ ಹೊರಗಿಂದ ಬಂದು ಜಾಕೆಟ್ ತೋಳಿನ ಮೇಲೇ ಪಟ್ಟಿ ಸುತ್ತಿ, ಟಿವಿ ನೋಡ್ತಾ, ಮಾತಾಡ್ತಾ ಬಟನ್ ಒತ್ತುತ್ತಾರೆ. ಹಾಗಲ್ಲ. ಅರ್ಧ ಗಂಟೆ ಮುಂಚಿಂದ ಸಿಗರೇಟು, ಕಾಫಿ ಬೇಡ, ಮೂತ್ರಕ್ಕೆ ಹೋಗಿ ಬನ್ನಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಬರಿ ತೋಳಿಗೆ ಪಟ್ಟಿ, ತೋಳು ಎದೆ ಮಟ್ಟಕ್ಕೆ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಸಂಜೆ, ಏಳು ದಿನ, ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ. ಮೊದಲ ಸಲ ಎರಡೂ ಕೈಗೆ ನೋಡಿ, ಹೆಚ್ಚು ಬಂದ ಕೈಗೇ ಮುಂದೆ ನೋಡ್ತಿರಿ. ಮನೇಲಿ 135/85 ದಾಟಿದ್ರೆ ಬ್ರಿಟನ್, ಯುರೋಪ್ ಕಡೆ ಬಿಪಿ ಅಂತ ಲೆಕ್ಕ, ಅಮೆರಿಕದೋರು 2017ರಿಂದ 130/80ಕ್ಕೇ ಎಚ್ಚರಿಸ್ತಾರೆ. ಬಿಪಿ ಇದ್ರೆ ಗೊತ್ತಾಗುತ್ತೆ, ತಲೆ ನೋಯುತ್ತೆ ಅಂತಾರಲ್ಲ, ಅದು ಸುಳ್ಳು, ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತೆ.

ಕೇಳೋಕೆ ನಾಚಿಕೆ, ಆದ್ರೂ... ಹಾಸಿಗೆಲಿ ತೊಂದರೆ ಆಗ್ತಿದೆ.

ಕಾರಿಡಾರ್‌ನಲ್ಲಿ ದನಿ ತಗ್ಗಿಸಿ ಅತಿ ಹೆಚ್ಚು ಕೇಳೋದು ಇದನ್ನೇ, ಡಾಕ್ಟರ್ ಎದುರು ಯಾರೂ ಕೇಳಲ್ಲ. ಕೇಳಿ, ಯಾಕಂದ್ರೆ ಇದು ಗಂಡಸ್ತನದ ಪ್ರಶ್ನೆಗಿಂತ ರಕ್ತನಾಳದ ಪ್ರಶ್ನೆ. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್ ಅಗಲ, ಹಾರ್ಟಿನದ್ದು 3ರಿಂದ 4. ಕೊಬ್ಬು ಕಟ್ಟೋಕೆ ಶುರುವಾದ್ರೆ ಸಣ್ಣ ಪೈಪು ಮೊದಲು ಹೇಳುತ್ತೆ, ಎದೆ ಹೇಳೋ ಎರಡು ಮೂರು ವರ್ಷ ಮುಂಚೆಯೇ ಹೇಳಬಹುದು. ಅಂದ್ರೆ ಇದು ಎಚ್ಚರಿಕೆಯ ಗಂಟೆ, ಅದನ್ನ ಕದ್ದು ತರಿಸಿದ ಮಾತ್ರೆ ನುಂಗಿ ಬಾಯಿ ಮುಚ್ಚಿಸ್ಬೇಡಿ.

ಆ ಮಾತ್ರೆ ಬಗ್ಗೆ ಗಟ್ಟಿಯಾಗಿ ಹೇಳ್ಬೇಕು. ಎದೆನೋವಿಗೆ ನಾಲಿಗೆ ಕೆಳಗೆ ಇಡೋ ನೈಟ್ರೇಟ್ ಮಾತ್ರೆ ಅಥವಾ ಸ್ಪ್ರೇ ಬಳಸೋರು ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯದ್ದು ತಗೊಂಡ್ರೆ ಬಿಪಿ ಪಾತಾಳಕ್ಕೆ ಇಳಿದು ಪ್ರಾಣ ಹೋಗಬಹುದು. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಲಾಫಿಲ್ ತಗೊಂಡು 48 ಗಂಟೆ ಆಗೋವರೆಗೆ ನೈಟ್ರೇಟ್ ಕೊಡಲ್ಲ, ಅದಕ್ಕೆ ಎಮರ್ಜೆನ್ಸಿಲಿ ಕೇಳಿದ್ರೆ ಹೆಂಡತಿ ಪಕ್ಕದಲ್ಲಿದ್ರೂ ನಿಜ ಹೇಳಿ.

ಅಟ್ಯಾಕ್ ಆದ ಮೇಲೆ ಹೆಂಡತಿ ಜೊತೆ ಸೇರಬಹುದಾ ಅನ್ನೋದಕ್ಕೆ ನರ್ಸ್ ಹೇಳ್ಕೊಡೋ ಅಳತೆ: ಎರಡು ಅಂತಸ್ತಿನ ಮೆಟ್ಟಿಲು ಎದೆನೋವು, ಉಬ್ಬಸ ಇಲ್ಲದೆ ಹತ್ತೋಕಾದ್ರೆ ಸಾಮಾನ್ಯವಾಗಿ ಪರವಾಗಿಲ್ಲ. ಯಾವಾಗಿಂದ ಅಂತ ನಿಮ್ಮ ಡಾಕ್ಟರ್ ಹೇಳ್ಲಿ. ಬೀಟಾ ಬ್ಲಾಕರ್ ಅನ್ನೋ ಹಾರ್ಟ್ ಮಾತ್ರೆಯಿಂದ ಹಾಸಿಗೆಲಿ ಹೀಗಾಗ್ತಿದೆ ಅಂತ ಅನ್ಸಿದ್ರೆ ಹೇಳಿದ್ರೆ ಬದಲಾಯಿಸಬಹುದು, ಹೇಳದೆ ಸುಮ್ಮನೆ ನಿಲ್ಲಿಸೋದು ಮಾತ್ರ ಅಪಾಯ.

ಈಗ ಚೆನ್ನಾಗಿದೀನಲ್ಲ, ಮಾತ್ರೆ ಯಾಕೆ?

ಚೆನ್ನಾಗಿರೋದು ಮಾತ್ರೆಯಿಂದ. ಸ್ಟೆಂಟ್ ಹಾಕಿದ ಮೇಲೆ ಕೊಡೋ ಎರಡು ರಕ್ತ ತೆಳು ಮಾಡೋ ಮಾತ್ರೆ, ಅಟ್ಯಾಕ್ ಆದೋರಿಗೆ ಸಾಮಾನ್ಯವಾಗಿ ಒಂದು ವರ್ಷ, ಮಧ್ಯೆ ನಿಲ್ಲಿಸಿದ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸೋಕೆ ಹೋದಾಗ ನಿಲ್ಲಿಸಿ ಅಂದ್ರೂ ಹಾರ್ಟ್ ಡಾಕ್ಟರನ್ನ ಕೇಳ್ದೆ ನಿಲ್ಲಿಸ್ಬೇಡಿ.

ನಮ್ಮ ಥರ ಎರಡು ದೇಶದ ಮಧ್ಯೆ ಓಡಾಡೋರಿಗೆ ಇನ್ನೊಂದು ಗಂಡಾಂತರ ಇದೆ. ಒಬ್ಬರ ಮನೆಗೆ ಹೋದಾಗ ಅವರು ಬಿಸ್ಕೆಟ್ ಡಬ್ಬ ತೆಗೆದು ಮೇಜಿನ ಮೇಲೆ ಸುರಿದ್ರು, ಹನ್ನೊಂದು ಥರದ ಮಾತ್ರೆ. ಹುಟ್ಟಿದ ದೇಶದಿಂದ ತಂದದ್ದು ಒಂದು ಬ್ರಾಂಡು, ಇಲ್ಲಿ ಕೊಟ್ಟದ್ದು ಇನ್ನೊಂದು. ಹಾಳೆ ಹಿಂದೆ ಸಣ್ಣ ಅಕ್ಷರದಲ್ಲಿ ಓದಿದ್ರೆ ಎರಡರಲ್ಲೂ ಅಟೊರ್ವಾಸ್ಟಾಟಿನ್ ಅನ್ನೋ ಒಂದೇ ಕೊಲೆಸ್ಟ್ರಾಲ್ ಔಷಧ, ಆರು ತಿಂಗಳಿಂದ ಎರಡೂ ನುಂಗ್ತಿದ್ರು, ಮೈಕೈ ನೋವು ಅಂತ ಮೇಲೆ ಐಬುಪ್ರೊಫೆನ್ ಬೇರೆ. ಅಟ್ಯಾಕ್ ಆದೋರು ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಸ್ವಂತವಾಗಿ ತಗೋಬಾರ್ದು, ಅಪಾಯ ಏರುತ್ತೆ. ಬ್ರಾಂಡ್ ಹೆಸರು ಮರೀರಿ, ಒಳಗಿರೋ ಔಷಧದ ಹೆಸರು ಬರೆದಿಟ್ಕೊಳ್ಳಿ.

ಮನೆಮದ್ದು, ಗಿಡಮೂಲಿಕೆ ತಗೊಂಡ್ರೆ ತೊಂದರೆ ಏನು?

ತಗೊಳ್ಳೋದಕ್ಕಿಂತ ಮುಚ್ಚಿಡೋದು ದೊಡ್ಡ ತೊಂದರೆ. ಡಾಕ್ಟರ್ ನಗ್ತಾರೆ ಅಂತ ಹೇಳಲ್ಲ, ಅವರೂ ಕೇಳಲ್ಲ. ಜ್ಯೇಷ್ಠಮಧು ದಿನಾ ತಿಂದ್ರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ರೆಡ್ ಯೀಸ್ಟ್ ರೈಸ್ ಅಂತ ಮಾರೋದರಲ್ಲಿ ಇರೋದು ಲೊವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆಯದ್ದೇ ಅಂಶ, ನೈಸರ್ಗಿಕ ಅಂತ ಲೇಬಲ್ ಅಷ್ಟೇ. ಗ್ರೇಪ್‌ಫ್ರೂಟ್ ಜ್ಯೂಸ್ ಇದೇ ಜಾತಿಯ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳ (ಸ್ಟಾಟಿನ್‌ಗಳ) ಮಟ್ಟ ರಕ್ತದಲ್ಲಿ ಏರಿಸುತ್ತೆ. ಡಬ್ಬಿ ಸಮೇತ ತಗೊಂಡು ಹೋಗಿ ಫಾರ್ಮಸಿಸ್ಟ್ ಮೇಜಿನ ಮೇಲೆ ಇಡಿ.

ಅಡುಗೆ ಮಾಡೋದು ಹೆಂಡತಿ, ಊಟದ ಬಗ್ಗೆ ನನಗ್ಯಾಕೆ ಹೇಳ್ತೀರಿ?

ನುಂಗೋದು ನೀವಲ್ವಾ? ಡಯಟೀಷಿಯನ್ ಮಾತಾಡುವಾಗ ಗಂಡಸರೆಲ್ಲ ಕಿಟಕಿ ನೋಡ್ತಾರೆ, ಹೆಂಡತಿಯರು ಬರ್ಕೋತಾರೆ, ಮಾತ್ರೆ ನೆನಪಿಸೋದೂ ಅವರೇ, ಅಪಾಯಿಂಟ್‌ಮೆಂಟ್ ಲೆಕ್ಕವೂ ಅವರದ್ದೇ. ನಮ್ಮ "ಸ್ವಂತ ಆರೈಕೆ"ಲಿ ಸ್ವಂತದ್ದು ಏನೂ ಇಲ್ಲ. ಹೆಂಡತಿ ಎರಡು ತಿಂಗಳು ಊರಿಗೆ ಹೋದ್ರೆ ಎಲ್ಲ ಕುಸಿಯುತ್ತೆ, ಕಣ್ಣಾರೆ ನೋಡಿದೀನಿ. ಒಂದೇ ರೂಮಲ್ಲಿ ಆರು ಜನ ಇರೋ ಒಂಟಿ ಗಂಡಸರಂತೂ ಸಿಕ್ಕಿದ್ದು ತಿಂತಾರೆ, ಅವರಲ್ಲಿ ಒಬ್ಬ ಅಡುಗೆ ಕಲಿತ್ರೆ ಆರು ಹಾರ್ಟ್ ಉಳಿಯುತ್ತೆ.

ಎಲ್ಲಾ ಬಿಟ್ಟು ಎಲೆ ತಿನ್ನಿ ಅಂತಲ್ಲ. ನಿಮ್ಮ ಊಟಾನೇ ಇರ್ಲಿ, ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಮಟ್ಟಸವಾಗಿ ಒಂದು ಟೀ ಚಮಚ, ಅದೂ ಪ್ಯಾಕೆಟ್ ತಿಂಡಿಲಿ ಇರೋದು ಸೇರಿ. ಕರಿದ ಎಣ್ಣೆ ಮತ್ತೆ ಮತ್ತೆ ಕಾಯಿಸ್ಬೇಡಿ. ತಟ್ಟೆಲಿ ತರಕಾರಿ ಅರ್ಧ ಭಾಗ.

ದಿನಕ್ಕೆ ಒಂದೇ ಸಿಗರೇಟು, ಅದೂ ಬೇಡ್ವಾ?

ಬೇಡ. ದಿನಕ್ಕೆ 20 ಸೇದೋನಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಎಷ್ಟೋ ಅದರ ಸುಮಾರು ಅರ್ಧ ಒಂದೇ ಸೇದೋನಿಗೂ ಇದೆ ಅಂತ 2018ರಲ್ಲಿ ಲೆಕ್ಕ ಹಾಕಿದಾರೆ. ಕಮ್ಮಿ ಮಾಡೋದರಲ್ಲಿ ಹಾರ್ಟಿನ ಮಟ್ಟಿಗೆ ಲಾಭ ಕಮ್ಮಿ, ಬಿಡೋದರಲ್ಲೇ ಇರೋದು.

ರೀಹ್ಯಾಬ್ ಅಂದ್ರೆ ಮುದುಕರ ಜೊತೆ ಕೈಕಾಲು ಆಡಿಸೋದಲ್ವಾ?

ನಾನೂ ಹಾಗೇ ಅನ್ಕೊಂಡು ಮೊದಲ ಎರಡು ವಾರ ತಪ್ಪಿಸ್ಕೊಂಡೆ. ಅಲ್ಲಿ ಮೈಗೆ ವೈರ್ ಹಚ್ಚಿ ಟ್ರೆಡ್‌ಮಿಲ್ ಮೇಲೆ ಬಿಟ್ಟು ನಿಮ್ಮ ಹಾರ್ಟ್ ಎಷ್ಟು ತಡೆಯುತ್ತೆ ಅಂತ ತೋರಿಸ್ತಾರೆ, ನನಗೆ ಹೆದರಿಕೆ ಹೋಗಿದ್ದೇ ಅಲ್ಲಿ. ಅಮೆರಿಕದಲ್ಲಿ ಸಾಮಾನ್ಯವಾಗಿ 12 ವಾರದಲ್ಲಿ 36 ಸಲ, ಬೇರೆ ಕಡೆ ಕಡಿಮೆ ಇರುತ್ತೆ. ವ್ಯಾಯಾಮ ಇರೋ ರೀಹ್ಯಾಬ್‌ನಿಂದ ಹೃದ್ರೋಗದ ಸಾವು ಸುಮಾರು ಕಾಲು ಭಾಗ ಇಳಿಯುತ್ತೆ. ಇಂಥದ್ದು ಒಂದು ಮಾತ್ರೆಲಿ ಸಿಕ್ಕಿದ್ರೆ ಕ್ಯೂ ನಿಲ್ತಿದ್ವಿ.

ಗಂಡಸರು ಬರಲ್ಲ ಅಂತ ಗೊಣಗೋ ಆಸ್ಪತ್ರೆಗಳು ಗಂಡಸರು ಇರೋ ಕಡೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಇಷ್ಟದ ಎರಡು ಉದಾಹರಣೆ. ಲಾಸ್ ಏಂಜಲೀಸ್ ಸುತ್ತ 52 ಕ್ಷೌರದ ಅಂಗಡಿಗಳಲ್ಲಿ ಬಿಪಿ ಇದ್ದ 319 ಕಪ್ಪು ಗಂಡಸರನ್ನ ಸೇರಿಸ್ಕೊಂಡ್ರು, ಸುಮಾರು ಅರ್ಧ ಅಂಗಡಿಗಳಿಗೆ ಫಾರ್ಮಸಿಸ್ಟ್‌ಗಳೇ ಹೋಗಿ ಅಲ್ಲೇ ಔಷಧ ಕೊಟ್ರು. ಆರು ತಿಂಗಳಿಗೆ ಅವರ ಮೇಲಿನ ಬಿಪಿ ಸರಾಸರಿ 27 ಅಂಕ ಇಳೀತು, ಬರೀ ಡಾಕ್ಟರ್ ಹತ್ರ ಹೋಗಿ ಅಂತ ಕ್ಷೌರಿಕರು ಹೇಳಿದ ಕಡೆ 9 ಚಿಲ್ಲರೆ. ಇದು 2018ರಲ್ಲಿ ಪ್ರಕಟವಾಯ್ತು. ಸ್ಕಾಟ್ಲೆಂಡ್‌ನಲ್ಲಿ ದಪ್ಪಗಿದ್ದ ಗಂಡಸರಿಗೆ 12 ವಾರದ ತರಬೇತಿಯನ್ನ ಅವರ ಫುಟ್‌ಬಾಲ್ ಕ್ಲಬ್‌ನ ಮೈದಾನದಲ್ಲೇ ಇಟ್ರು, ವರ್ಷದ ನಂತರ ಸರಾಸರಿ ಐದೂವರೆ ಕಿಲೋ ಇಳಿದಿದ್ರು. ಅವರು ಯಾರೂ ಗಂಡಸ್ತನ ಕಳ್ಕೊಂಡು ಬರಲಿಲ್ಲ, ಜೊತೆಗೆ ಗೇಲಿ ಮಾಡ್ಕೊಂಡು ಓಡಿದ್ರು ಅಷ್ಟೇ.

ಅಟ್ಯಾಕ್ ಆದ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತೆ, ಇದೂ ಹಾರ್ಟಾ?

ಇರಬಹುದು, ಖಿನ್ನತೆ. ಅಟ್ಯಾಕ್ ಆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತೆ, ಗಂಡಸರಲ್ಲಿ ಅದು ಅಳು ಆಗದೆ ಸಿಟ್ಟು, ಕುಡಿತ, ನಿದ್ದೆಗೆಡೋದು, ಮಾತ್ರೆ ಬಿಡೋದು ಹೀಗೆ ಬರುತ್ತೆ. ಖಿನ್ನತೆ ಇದ್ರೆ ಮತ್ತೆ ಅಟ್ಯಾಕ್ ಆಗೋ ಅಪಾಯವೂ ಹೆಚ್ಚು, ಹಾಗಾಗಿ ಇದನ್ನ ಹೇಳೋದು ಮನಸ್ಸಿನ ವಿಷಯ ಅಂತ ನಾಚ್ಕೊಳ್ಳೋದಲ್ಲ, ಬಿಪಿ ಹೇಳಿದಷ್ಟೇ. ಬದುಕೇ ಬೇಡ ಅನ್ನೋ ಯೋಚನೆ ಬಂದ್ರೆ ಅದೇ ದಿನ ಹೇಳಿ.

ಊರಲ್ಲಿರೋ ಅಪ್ಪ ಅಮ್ಮನಿಗೆ ಹೇಳ್ಬೇಕಾ?

ನಾನು ಹಾಸ್ಪಿಟಲ್ ಬೆಡ್‌ನಿಂದ ವಿಡಿಯೋ ಕಾಲ್ ಮಾಡಿದ್ದೆ, ಡ್ರಿಪ್ ಕಾಣದ ಹಾಗೆ ಫೋನ್ ಬರೀ ಮುಖಕ್ಕೆ ಹಿಡಿದು, ಆಫೀಸ್‌ನಲ್ಲಿದೀನಿ ಅಂದೆ. ಹಿಂದೆ ಮಾನಿಟರ್ ಕುಂಯ್ ಕುಂಯ್ ಅಂತಿತ್ತು. ಅಮ್ಮ ಅದೇನು ಸದ್ದು ಅಂದ್ಲು. ಪ್ರಿಂಟರ್ ಅಂದೆ. ಹೇಳೋದು ಬಿಡೋದು ನಿಮ್ಮಿಷ್ಟ, ಆದ್ರೆ ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಕ್ಕತಂಗಿಯರಿಗೆ 65ರ ಒಳಗೆ ಹೃದ್ರೋಗ ಬಂದಿತ್ತಾ ಅಂತ ನಿಮ್ಮ ಡಾಕ್ಟರ್ ಕೇಳ್ತಾರೆ, ಅದು ಅಪಾಯದ ಲೆಕ್ಕಕ್ಕೆ ಬೇಕು. ನಾನು ಆ ಪ್ರಶ್ನೆ ಕೇಳೋಕೆ ಫೋನ್ ಮಾಡಿದಾಗಲೇ ಚಿಕ್ಕಪ್ಪ 51ಕ್ಕೆ ಹೋಗಿದ್ದು ಗ್ಯಾಸ್ಟ್ರಿಕ್‌ನಿಂದ ಅಲ್ಲ ಅಂತ ಗೊತ್ತಾಗಿದ್ದು. ತಮ್ಮನಿಗೆ ಮಾತ್ರ ಎಲ್ಲ ಹೇಳ್ದೆ, ಅವನು ಹೋಗಿ ಟೆಸ್ಟ್ ಮಾಡಿಸ್ದ.

ಊರಿಗೆ ಹೋಗುವಾಗ ಏನು ತಗೊಂಡು ಹೋಗ್ಲಿ?

ಮಾತ್ರೆ ಎಲ್ಲಾ ಕೈಬ್ಯಾಗಲ್ಲಿ, ಚೆಕ್-ಇನ್ ಲಗೇಜಿಗೆ ಹಾಕ್ಬೇಡಿ. ವಾಪಸ್ ಬರೋ ದಿನ ಮುಂದೆ ಹೋದ್ರೆ ಅಂತ ಒಂದೆರಡು ವಾರ ಹೆಚ್ಚಿಗೆ. ಡಾಕ್ಟರ್ ಚೀಟಿ, ಡಿಸ್ಚಾರ್ಜ್ ಕಾಗದ, ಸ್ಟೆಂಟ್ ಕಾರ್ಡ್ ಒಂದು ಕವರಲ್ಲಿ. ನಿಮ್ಮ ಇತ್ತೀಚಿನ ಇಸಿಜಿಯ ಫೋಟೋ ಫೋನ್‌ನಲ್ಲಿ ಇಟ್ಕೊಳ್ಳಿ, ಬೇರೆ ಊರಲ್ಲಿ ಎದೆ ನೋವು ಅಂತ ಹೋದ್ರೆ ಅಲ್ಲಿನ ಡಾಕ್ಟರಿಗೆ ಹಳೇದು ಯಾವುದು ಹೊಸದು ಯಾವುದು ಅಂತ ಹೋಲಿಸೋಕೆ ಅದೊಂದೇ ಸಿಗೋದು. ಹಾಗೇ ಅದರ ಒಂದು ಪ್ರತಿ ಹೆಂಡತಿ ಫೋನ್‌ನಲ್ಲೂ ಇರ್ಲಿ, ನಿಮ್ಮ ಫೋನ್ ಲಾಕ್ ಆಗಿರುತ್ತಲ್ಲ.